ಎರಡು ನಿಮಿಷ

ನನ್ನ ಕೆಲಸ ದೀಪ ಹಾಕುವುದು.
ಹಸಿರು: ಮಾತಾಡಿ. ಹಳದಿ: ಇನ್ನು ಮೂವತ್ತು ಸೆಕೆಂಡು.
ಕೆಂಪು: ಸಾಕು.
ಆಯೋಗ ಊರೂರು ತಿರುಗುವಾಗ ಮರದ ಪೆಟ್ಟಿಗೆಯಲ್ಲಿ
ಈ ಮೂರು ಬಲ್ಬು ಹೊತ್ತು ನಾನೂ ತಿರುಗುತ್ತೇನೆ.

ಈ ಸಲ ಮೊಂಟಾನಾ, ಫೆಬ್ರವರಿ,
ಬೆಲ್‌ಫ್ಲರ್ ಎಂಬ ಊರಿನ ಹೈಸ್ಕೂಲಿನ ಜಿಮ್ಮು.
ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಐದು ಕುರ್ಚಿ,
ಐದು ನೀರಿನ ಲೋಟ, ಐವರು ಆಯುಕ್ತರು.
ಪ್ರಶ್ನೆ: ಒಬ್ಬರ ಕೈಯಲ್ಲಿ ಎಷ್ಟು ಬಾಯಿ ಇರಬಹುದು?
ಕಡತದಲ್ಲಿ ಹೀಗೆ ಬರೆದಿಲ್ಲ. ಅದರಲ್ಲಿ
'ಒಡೆತನದ ಮಿತಿಯ ಪರಿಷ್ಕರಣೆ' ಎಂದಿದೆ.

ಕಂಪನಿಯ ವಕೀಲರು ಮೊದಲು ಬಂದರು.
ಪರದೆಯ ಮೇಲೆ ನೀಲಿ ಗೆರೆ ಏರುತ್ತ ಹೋಯಿತು.
ದಕ್ಷತೆ ಎಂದರು, ಆರು ಸಲ. ನನಗೆ ಎಣಿಸುವ ಚಟ.
ಊರಿನ ಹೆಸರನ್ನು 'ಬೆಲ್‌ಫ್ಲೋರ್' ಅಂದಾಗ
ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದರು.

ಮೀಸಲು ಸೀಮೆಯಿಂದ ತೊಂಬತ್ತು ಮೈಲಿ ಬಂದ ಹುಡುಗಿ
ಭಾನುವಾರದ ಅರ್ಧ ಗಂಟೆ ತನ್ನಜ್ಜಿಯ ನುಡಿಯಲ್ಲಿತ್ತು ಎನ್ನುತ್ತ
ಆ ನುಡಿಯಲ್ಲೇ ಏನೋ ಶುರು ಮಾಡಿದಳು. ಕೆಂಪು.
ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಯಂತೆ ಅದು.
ಬರಲಿಲ್ಲ.

ಸಾಕ್ಷಿ ನಲವತ್ತೇಳು: ಆರ್ಡಿಸ್ ಟ್ವೈಟ್, ವಯಸ್ಸು ಎಪ್ಪತ್ತೆರಡು.
ಮೂವತ್ತೊಂದು ವರ್ಷ ಇದೇ ಊರಿನ ರೇಡಿಯೊದಲ್ಲಿ
ಬೆಳಗಿನ ಏಳೂಕಾಲರ ದನಿ.
ಮೈಕನ್ನು ಒಂದು ಗೇಣು ದೂರ ಸರಿಸಿದಳು, ಅಭ್ಯಾಸಬಲ.
ವಾದ ಮಾಡಲಿಲ್ಲ. ಮಡಿಸಿದ ಹಾಳೆ ಬಿಡಿಸಿ ಓದಿದಳು:

ಹೊಳೆಯ ಮೇಲಿನ ಮಂಜುಗಡ್ಡೆ ಹನ್ನೊಂದು ಅಂಗುಲ,
ಸೇತುವೆ ಬಳಿ ತೆಳು, ಮಕ್ಕಳನ್ನು ಬಿಡಬೇಡಿ.
ಓಲೆ ಹಾಲ್ವರ್‌ಸನ್ ತೀರಿಕೊಂಡರು. ಊಟ
ಚರ್ಚಿನ ನೆಲಮಾಳಿಗೆಯಲ್ಲಿ, ತಟ್ಟೆ ನೀವೇ ತನ್ನಿ.
(ಊರವರು ಒಬ್ಬರ ಮುಖ ಒಬ್ಬರು ನೋಡಿದರು.)
ಶಾಲೆಯಲ್ಲಿ ಇವತ್ತು ಟೊಮ್ಯಾಟೊ ಸೂಪು.
ಕಂದು ನಾಯಿ ಕಳೆದಿದೆ, ಎಡಗಿವಿ ಹರಿದಿದೆ,
ಪಿಕಲ್ ಅಂದರೆ ಬರುತ್ತೆ. ಸಿಕ್ಕವರು
ನಾಲ್ಕು ನಾಲ್ಕು ಒಂದು ಏಳಕ್ಕೆ ಫೋನ್ ಮಾಡಿ.

ಹಳದಿ.

ಹಾಳೆ ಮಡಿಸಿದಳು.
'ಗಡ್ಡೆ ಒಡೆದು ಹೊಳೆ ಬೀದಿಗೆ ಬಂದ ರಾತ್ರಿ
ಶೆರೀಫ್ ಸ್ಟೇಷನ್ನಿಗೆ ಫೋನ್ ಮಾಡಿದ. ಒಳಗೆ ಒಂದು ಯಂತ್ರ.
ಅದು ಹಾಡುತ್ತಿತ್ತು. ಬೆಳಗಿನ ತನಕ ಒಳ್ಳೊಳ್ಳೆ ಹಾಡು.
ದೂರದ ನಗರದ ಹುಡುಗನೊಬ್ಬ ನಡುನಡುವೆ ನಗುತ್ತಿದ್ದ,
ಅವನ ತಪ್ಪಲ್ಲ, ಮಂಗಳವಾರವೇ ನಕ್ಕು ಮುಗಿಸಿದ್ದ.
ಒಂದು ಸೆಕೆಂಡೂ ಮೌನ ಇರಲಿಲ್ಲ.
ನಮ್ಮ ಕಸುಬಲ್ಲಿ ಮೌನಕ್ಕೆ ಸತ್ತ ಗಾಳಿ ಅಂತೀವಿ.
ಸ್ವಲ್ಪ ತಂದಿದೀನಿ.'

ಸುಮ್ಮನೆ ನಿಂತಳು.
ಹೀಟರಿನ ಟಿಕ್ ಟಿಕ್. ಆಯುಕ್ತರೊಬ್ಬರು ನೀರು ನುಂಗಿದ ಸದ್ದು.
ಗಡಿಯಾರ ಸೊನ್ನೆಗೆ ಬಂತು. ಬೆರಳು ಗುಂಡಿಯ ಮೇಲೇ ಇತ್ತು.
ಒತ್ತಲಿಲ್ಲ ಎಂದು ಬರೆಯಬಹುದು ನಾನು.
ಒತ್ತಿದೆ.

ಜೂನಿನಲ್ಲಿ ಮತ ಹಾಕಿದರು. ಮೂವರು ಪರ, ಇಬ್ಬರು ವಿರುದ್ಧ,
ಮಿತಿ ಸಡಿಲವಾಯಿತು. ನಡಾವಳಿಯಲ್ಲಿ
ನಲವತ್ತೇಳರ ಮುಂದೆ 'ಹೇಳಿಕೆ ಪೂರ್ಣ' ಎಂದಿದೆ.

ಆದರೆ ಅವತ್ತು ರಾತ್ರಿ ಮೋಟೆಲಿನಿಂದ, ಯಾಕೋ,
ಊರಿನ ಕೋಡು ಸೇರಿಸಿ ಆ ನಂಬರು ಒತ್ತಿದ್ದೆ.
ನಾಯಿ ಸಿಕ್ಕಿತೇ ಎಂದೆ.
ಅತ್ತ ಗಂಡಸಿನ ಉಸಿರು, ತುಂಬ ಹೊತ್ತು ಅಷ್ಟೇ.

'ಪಿಕಲ್ಲಾ? ಅದು ಸತ್ತು ನಾಲ್ಕು ವರ್ಷ ಆಯ್ತು.
ಕಳೆದುಹೋಗಿದ್ದು ಅದಕ್ಕೂ ಮುಂಚೆ, ಆರ್ಡಿಸ್ ಓದಿದ ಕೊನೇ ದಿನ.
ಸಂಜೆನೇ ಬಂತಪ್ಪ, ತಾನಾಗೇ, ಮೀಸೆಗೆಲ್ಲ ಹಿಮ.
ಮರುದಿನ ಹೇಳಿಸೋಣ ಅಂತ ಹೋದೆ,
ಬಾಗಿಲಿಗೆ ಬೀಗ.
ಎಷ್ಟೋ ಜನಕ್ಕೆ ಅದು ಬಂದಿದ್ದು
ಇವತ್ತಿಗೂ ಗೊತ್ತಿಲ್ಲ.'